ಬೆಂಗಳೂರು ಕಾಣದ ಸ್ಕಾಟ್, ಸಾವನದುರ್ಗ ಹತ್ತದ ನಾವು



ಕಳೆದ ತಿಂಗಳು ಒಂದೇ ಸಂಜೆ ನನ್ನ ಮೊಬೈಲಿಗೆ ಎರಡು ಸಂದೇಶಗಳು ಬಂದವು. ಕಳುಹಿಸಿದವರಿಬ್ಬರೂ ನನ್ನ ಹಳೆಯ ವಿದ್ಯಾರ್ಥಿಗಳು. ಎಂಟನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕುಳಿತವರು. ಇಂದು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದೇ ಕಾರ್ಖಾನೆಯಲ್ಲಿ, ಒಂದೇ ಪಾಳಿಯಲ್ಲಿ ದುಡಿಯುವವರು. ಒಬ್ಬನ ಸಂದೇಶದಲ್ಲಿ ಟಿಪ್ಪು ಸುಲ್ತಾನನು ಎಳ್ಳಷ್ಟೂ ದೋಷವಿಲ್ಲದ ಪುಣ್ಯಪುರುಷ; ಇನ್ನೊಬ್ಬನ ಸಂದೇಶದಲ್ಲಿ ಎಳ್ಳಷ್ಟೂ ಮನುಷ್ಯತ್ವವಿಲ್ಲದ ರಾಕ್ಷಸ. ಎರಡರ ಕೊನೆಯಲ್ಲೂ ಇದ್ದ ಸಾಲು ಮಾತ್ರ ಒಂದೇ: ಇದೇ ನಿಜವಾದ ಇತಿಹಾಸ, ಎಲ್ಲರಿಗೂ ತಲುಪಿಸಿರಿ.

ಇಬ್ಬರಿಗೂ ಫೋನ್ ಮಾಡಿದೆ. ಅವರು ಮಾತು ಬಿಟ್ಟು ವರ್ಷವಾಯಿತಂತೆ. ಕ್ಯಾಂಟೀನಿನಲ್ಲಿ ಬೇರೆ ಬೇರೆ ಮೇಜಿನಲ್ಲಿ ಕೂರುತ್ತಾರಂತೆ. "ಅವನ ಸುದ್ದಿ ಎತ್ತಬೇಡಿ ಮೇಷ್ಟ್ರೇ" ಎಂದು ಇಬ್ಬರೂ ಒಂದೇ ಮಾತು ಹೇಳಿದರು. ಅಂದು ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ದೊರೆಯ ಕಾರಣದಿಂದ, ಒಂದೇ ಬುತ್ತಿಯಲ್ಲಿ ಉಂಡ ಇಬ್ಬರು ಹುಡುಗರು ಮುಖ ತಿರುಗಿಸಿ ನಡೆಯುವುದಾದರೆ, ನಾವು ಇತಿಹಾಸವನ್ನು ಕಲಿಸಿದ ರೀತಿಯಲ್ಲೇ ಏನೋ ಕೊರತೆಯಿದ್ದಿರಬೇಕು. ಆ ಕೊರತೆ ಯಾವುದೆಂದು ಹೇಳುವುದಕ್ಕೇ ಈ ಲೇಖನ. ಟಿಪ್ಪುವಿನ ಬಗ್ಗೆ ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ಸ್ಕಾಟ್ಲೆಂಡಿನ ಇಬ್ಬರು ಕಾದಂಬರಿಕಾರರನ್ನು ಸಾಕ್ಷಿಗೆ ಕರೆಯುತ್ತೇನೆ. ದಾರಿ ಸ್ವಲ್ಪ ಸುತ್ತು. ಆದರೆ ಅದು ನಮ್ಮ ಮಾಗಡಿಯ ಬೆಟ್ಟಕ್ಕೇ ಬಂದು ಸೇರುತ್ತದೆ.

ಮೊದಲನೆಯ ಸಾಕ್ಷಿ ರಾಬರ್ಟ್ ಲೂಯಿ ಸ್ಟೀವನ್‌ಸನ್. ಕೊನೆಯ ಪೀರಿಯಡ್ಡಿನಲ್ಲಿ ನಾನು ಹೇಳುತ್ತಿದ್ದ 'ಕಿಡ್‌ನ್ಯಾಪ್ಡ್' ಕಥೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. 1886ರಲ್ಲಿ ಹುಡುಗರ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ ಅದು. ತಂದೆಯನ್ನು ಕಳೆದುಕೊಂಡ ಡೇವಿಡ್ ಬಾಲ್ಫರ್ ಎಂಬ ಹದಿನೇಳರ ಹುಡುಗ ಆಸ್ತಿಯ ಹಕ್ಕನ್ನು ಅರಸಿ ಚಿಕ್ಕಪ್ಪನ ಮನೆಗೆ ಹೋಗುತ್ತಾನೆ. ಚಿಕ್ಕಪ್ಪ ಅವನನ್ನು ಉಪಾಯದಿಂದ ಹಡಗು ಹತ್ತಿಸಿ ಅಮೆರಿಕೆಯ ತೋಟಗಳಿಗೆ ಆಳಾಗಿ ಮಾರಲು ಹೊರಡಿಸುತ್ತಾನೆ. ಆ ಹಡಗಿಗೆ ಸಮುದ್ರದ ನಡುವೆ ಬಂದು ಸೇರುವವನೇ ಅಲನ್ ಬ್ರೆಕ್ ಸ್ಟೂವರ್ಟ್.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. 1745ರಲ್ಲಿ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನ ಅನೇಕ ಕುಲಗಳು, ಸಿಂಹಾಸನ ಕಳೆದುಕೊಂಡಿದ್ದ ಸ್ಟೂವರ್ಟ್ ವಂಶದ ಪರವಾಗಿ ಜಾರ್ಜ್ ದೊರೆಯ ವಿರುದ್ಧ ದಂಗೆಯೆದ್ದವು. 1746ರ ಏಪ್ರಿಲಿನಲ್ಲಿ ಕಲೋಡನ್ ಬಯಲಿನಲ್ಲಿ ಸೋತು ನುಚ್ಚುನೂರಾದವು. ಗೆದ್ದವರು ಗುಡ್ಡಗಾಡಿನವರ ಆಯುಧಗಳನ್ನು ಕಿತ್ತುಕೊಂಡದ್ದಲ್ಲದೆ ಅವರ ಚೌಕಳಿ ಉಡುಗೆಯನ್ನೂ ಕಾನೂನು ಮಾಡಿ ನಿಷೇಧಿಸಿದರು. ಆ ನಿಷೇಧ ತೆರವಾದದ್ದು 1782ರಲ್ಲಿ. ಕಾದಂಬರಿಯ ಅಲನ್ ಆ ಸೋತ ಪಕ್ಷದ ಸಿಪಾಯಿ, ತಲೆ ಮರೆಸಿಕೊಂಡವನು. ಡೇವಿಡ್ ತಗ್ಗುನಾಡಿನವನು, ಗೆದ್ದ ದೊರೆಯ ಪಕ್ಷದವನು. ಭಾಷೆ, ಮತಾಚಾರ, ರಾಜನಿಷ್ಠೆ ಮೂರರಲ್ಲೂ ಒಬ್ಬರಿಗೊಬ್ಬರು ಎದುರು. ಇಂಥ ಇಬ್ಬರನ್ನು ಸ್ಟೀವನ್‌ಸನ್ ಒಂದೇ ಪೊದೆಯಲ್ಲಿ ಮಲಗಿಸುತ್ತಾನೆ, ಒಂದೇ ಹಸಿವಿನಲ್ಲಿ ನಡೆಸುತ್ತಾನೆ.

ಬಡ ಒಕ್ಕಲುಗಳು ಸರ್ಕಾರಕ್ಕೆ ಒಂದು ಗೇಣಿ ಕೊಟ್ಟ ಮೇಲೆ, ದೇಶಭ್ರಷ್ಟನಾದ ತಮ್ಮ ನಾಯಕನಿಗೆ ಗುಟ್ಟಾಗಿ ಎರಡನೆಯ ಗೇಣಿಯನ್ನೂ ಕೂಡಿಸಿ ಕಳುಹಿಸುತ್ತಾರೆಂದು ಅಲನ್ ಹೇಳಿದಾಗ, ಎದುರು ಪಕ್ಷದವನಾದ ಡೇವಿಡ್ ಅದರಲ್ಲಿ ದೊಡ್ಡತನವಿದೆಯೆಂದು ಒಪ್ಪಿಕೊಳ್ಳುತ್ತಾನೆ. ಮುಂದೆ ಅಲನ್ ಜೂಜಿನಲ್ಲಿ ಡೇವಿಡನ ಹಣವನ್ನೂ ಸೋತು, ಇಬ್ಬರೂ ದಿನಗಟ್ಟಲೆ ಮಾತು ಬಿಟ್ಟು ನಡೆಯುತ್ತಾರೆ. ಹುಡುಗ ಹೀಯಾಳಿಸಿ ಕತ್ತಿಯನ್ನೂ ಹಿರಿಯುತ್ತಾನೆ. ಆಗ ಕತ್ತಿವರಸೆಯಲ್ಲಿ ಅಪ್ರತಿಮನಾದ ಅಲನ್ ತನ್ನ ಕತ್ತಿಯನ್ನು ನೆಲಕ್ಕೆಸೆದು, ಈ ಹುಡುಗನ ಮೇಲೆ ಕೈ ಮಾಡಲಾರೆ ಎಂದು ನಿಂತುಬಿಡುತ್ತಾನೆ. ಇಡೀ ಕಾದಂಬರಿಯ ಎತ್ತರವಿರುವುದು ಅಲ್ಲಿ, ಹಡಗಿನ ಕಾಳಗದಲ್ಲಲ್ಲ.

ಇನ್ನೊಂದು ವಿಷಯವನ್ನು ಗಮನಿಸಿರಿ. ಕಥೆಯ ನಡುವೆ ಬರುವ ಕೊಲೆ ನಿಜವಾಗಿ ನಡೆದದ್ದು. ಸರ್ಕಾರದ ಪರವಾಗಿ ಗೇಣಿ ವಸೂಲಿ ಮಾಡುತ್ತಿದ್ದ ಕಾಲಿನ್ ಕ್ಯಾಂಪ್‌ಬೆಲ್ ಎಂಬಾತನನ್ನು 1752ರ ಮೇ 14ರಂದು ಯಾರೋ ಗುಂಡಿಟ್ಟು ಕೊಂದರು. ಜೇಮ್ಸ್ ಸ್ಟೂವರ್ಟ್ ಎಂಬವನನ್ನು ವಿಚಾರಣೆಗೆ ಗುರಿಪಡಿಸಿದರು. ಹದಿನೈದು ಜನ ಪಂಚರಲ್ಲಿ ಹನ್ನೊಂದು ಮಂದಿ ಸತ್ತವನ ಕ್ಯಾಂಪ್‌ಬೆಲ್ ಕುಲದವರೇ; ಪೀಠದಲ್ಲಿದ್ದವನು ಆ ಕುಲದ ಯಜಮಾನನೇ. ಜೇಮ್ಸನನ್ನು ಗಲ್ಲಿಗೇರಿಸಿದರು. ಗುಂಡು ಹಾರಿಸಿದವನು ಯಾರೆಂಬುದು ಇಂದಿಗೂ ಖಚಿತವಾಗಿಲ್ಲ. ಸ್ಟೀವನ್‌ಸನ್ ತನ್ನ ಕಥೆಯ ಅನುಕೂಲಕ್ಕಾಗಿ ಈ ಘಟನೆಯನ್ನು ಒಂದು ವರ್ಷ ಹಿಂದಕ್ಕೆ, 1751ಕ್ಕೆ ಸರಿಸಿದ. ಸರಿಸಿರುವುದನ್ನು ಪುಸ್ತಕದ ಅರ್ಪಣೆಯಲ್ಲೇ ಬಾಯಿಬಿಟ್ಟು ಹೇಳಿದ. ನೂರ ಮೂವತ್ತನಾಲ್ಕು ವರ್ಷ ಹಳೆಯ ಘಟನೆಯ ವಿಷಯದಲ್ಲಿ ಒಂದೇ ಒಂದು ವರ್ಷ ಅತ್ತಿತ್ತ ಮಾಡಿದ್ದಕ್ಕೆ ಹುಡುಗರ ಕಥೆ ಬರೆಯುವವನು ಲೆಕ್ಕ ಒಪ್ಪಿಸುತ್ತಾನೆ. ನಮ್ಮ ಮೊಬೈಲಿಗೆ ಬರುವ 'ನಿಜವಾದ ಇತಿಹಾಸ'ಕ್ಕೆ ಬರೆದವನ ಹೆಸರೂ ಇರುವುದಿಲ್ಲ.

ಎರಡನೆಯ ಸಾಕ್ಷಿ ಸರ್ ವಾಲ್ಟರ್ ಸ್ಕಾಟ್. ಐತಿಹಾಸಿಕ ಕಾದಂಬರಿಯ ಪಿತಾಮಹನೆಂದು ನಾವು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಸ್ಕಾಟ್. ಇವನು ಪರಪಕ್ಷದ ಸಾಕ್ಷಿ ಎಂದರೂ ಸರಿಯೇ, ಏಕೆಂದರೆ ಇವನ ಒಂದು ಪುಸ್ತಕ ಇನ್ನೊಂದರ ವಿರುದ್ಧ ಸಾಕ್ಷಿ ನುಡಿಯುತ್ತದೆ.

1814ರಲ್ಲಿ ಪ್ರಕಟವಾದ ಅವನ ಮೊದಲ ಕಾದಂಬರಿ 'ವೇವರ್ಲಿ' ಅದೇ 1745ರ ದಂಗೆಯನ್ನು ಕುರಿತದ್ದು. ಸ್ಕಾಟ್ ಬಾಲ್ಯದಲ್ಲಿ ಇನ್ವರ್ನಹೈಲಿನ ಅಲೆಕ್ಸಾಂಡರ್ ಸ್ಟೂವರ್ಟ್ ಎಂಬ ವೃದ್ಧನ ಮುಂದೆ ಕುಳಿತು ಕಥೆ ಕೇಳಿದವನು. ಆ ವೃದ್ಧ ಸೋತ ಪಕ್ಷದಲ್ಲಿ ನಿಂತು ಕಾದಿದ್ದವನು. 1745ರ ಪ್ರೆಸ್ಟನ್‌ಪ್ಯಾನ್ಸ್ ಯುದ್ಧದಲ್ಲಿ ಶತ್ರುಪಕ್ಷದ ವೈಟ್‌ಫರ್ಡ್ ಎಂಬ ಅಧಿಕಾರಿಯ ಪ್ರಾಣವನ್ನು ಉಳಿಸಿದ್ದ. ಮರುವರ್ಷ ಕಲೋಡನ್ನಿನಲ್ಲಿ ಸೋತು ತಾನೇ ಬೇಟೆಯಾದಾಗ, ಅದೇ ವೈಟ್‌ಫರ್ಡ್ ಅಧಿಕಾರಸ್ಥರ ಬಾಗಿಲು ಬಡಿದು ಅವನ ಕುಟುಂಬವನ್ನು ಕಾಪಾಡಿದ. ಸ್ಕಾಟ್ ರಾಜಕೀಯವಾಗಿ ಗೆದ್ದ ಪಕ್ಷದ ವ್ಯವಸ್ಥೆಯನ್ನು ಒಪ್ಪಿದವನೇ. ಆದರೂ ಸೋತವರನ್ನು ಗೌರವದಿಂದ ಚಿತ್ರಿಸಿದ, ಏಕೆಂದರೆ ಅವರ ಧ್ವನಿ ಅವನ ಕಿವಿಯಲ್ಲಿತ್ತು.

ಅದೇ ಸ್ಕಾಟ್ 1827ರಲ್ಲಿ 'ದಿ ಸರ್ಜನ್ಸ್ ಡಾಟರ್' ಎಂಬ ಇನ್ನೊಂದು ಕಥೆಯನ್ನು ಬರೆದ. ನಮ್ಮವರು ಹೆಚ್ಚಾಗಿ ಓದದ ಈ ಪುಸ್ತಕದ ಕೊನೆಯ ಭಾಗ ನಡೆಯುವುದು ನಮ್ಮ ಮೈಸೂರು ಸೀಮೆಯಲ್ಲಿ. ಅದರ ತುದಿ ಮುಟ್ಟುವುದು ನಮ್ಮ ಬೆಂಗಳೂರಿನಲ್ಲಿ! ಸ್ಕಾಟ್ಲೆಂಡಿನ ಹಳ್ಳಿಯ ವೈದ್ಯನೊಬ್ಬನ ಮಗಳು ಮೆನಿ ಗ್ರೇ. ಅವಳನ್ನು ಮದುವೆಯಾಗುವುದಾಗಿ ನಂಬಿಸಿದ ರಿಚರ್ಡ್ ಮಿಡಲ್‌ಮಸ್ ಎಂಬ ದುರುಳ, ಬೆಂಗಳೂರಿನ ಅಧಿಕಾರದ ಆಸೆಯಿಂದ ಅವಳನ್ನು ಭಾರತಕ್ಕೆ ಕರೆಸಿಕೊಂಡು ಟಿಪ್ಪುವಿನ ಅಂತಃಪುರಕ್ಕೆ ಒಪ್ಪಿಸಲು ಹೊರಡುತ್ತಾನೆ. ತುಂಬಿದ ಸಭೆಯಲ್ಲಿ ಫಕೀರನ ವೇಷದಲ್ಲಿದ್ದ ಹೈದರಾಲಿ ನಿಜರೂಪ ತೋರಿ ಮಗನನ್ನು ಗದರಿಸುತ್ತಾನೆ, ಹುಡುಗಿಯನ್ನು ಬಿಡಿಸುತ್ತಾನೆ, ದ್ರೋಹಿಯನ್ನು ಆನೆಯ ಕಾಲಿಗೆ ಹಾಕಿಸುತ್ತಾನೆ.

ಕಂಪನಿ ನಾಟಕದವರಿಗೆ ಒಳ್ಳೆಯ ಸೀನು! ಆದರೆ ಅದರಲ್ಲಿ ನಮ್ಮ ಸೀಮೆ ಎಲ್ಲಿದೆ? ತಂದೆ ನ್ಯಾಯಮೂರ್ತಿ, ಮಗ ಕಾಮುಕ, ಜೊತೆಗೊಬ್ಬ ಬೇಗಂ, ಒಂದು ಆನೆ. ಹೊಲ ಉಳುವವನಿಲ್ಲ, ನೇಯುವವನಿಲ್ಲ, ಮನಸ್ಸಿನಲ್ಲಿ ಉಳಿಯುವ ಒಬ್ಬ ಕನ್ನಡಿಗನಿಲ್ಲ. ಸ್ಕಾಟ್ ಭಾರತಕ್ಕೆ ಕಾಲಿಟ್ಟವನಲ್ಲ. 1826ರಲ್ಲಿ ದಿವಾಳಿಯಾಗಿ, ಸಾಲ ತೀರಿಸಲು ಹಗಲಿರುಳು ಬರೆಯುತ್ತಿದ್ದ ಕಾಲ ಅದು. ಇಲ್ಲಿಯ ವಿವರಗಳನ್ನು ಭಾರತದಲ್ಲಿದ್ದು ಬಂದ ನೆರೆಯ ಸೇನಾಧಿಕಾರಿಯೊಬ್ಬನಿಂದ ಎರವಲು ಪಡೆದ. ಆ ಪುಸ್ತಕದ ಕಲ್ಪಿತ ನಿರೂಪಕನು ತನ್ನ ಕಥೆಯನ್ನು, ಸ್ಕಾಟ್ಲೆಂಡಿನ ಪೇಸ್ಲಿ ಊರಿನಲ್ಲಿ ನೇಯುತ್ತಿದ್ದ ನಕಲಿ ಭಾರತೀಯ ಶಾಲುಗಳಿಗೆ ಹೋಲಿಸಿಕೊಳ್ಳುತ್ತಾನೆ. ಆ ಮಟ್ಟಿಗೆ ಪ್ರಾಮಾಣಿಕನೇ.

ಒಬ್ಬನೇ ಲೇಖಕ, ಅದೇ ಲೇಖನಿ, ಅದೇ ಪ್ರತಿಭೆ. ಕೇಳಿ ಬರೆದಾಗ ಶತ್ರುವೂ ಮನುಷ್ಯನಾದ. ಕೇಳದೆ ಬರೆದಾಗ ಒಂದು ರಾಜ್ಯವೇ ಬೊಂಬೆಯಾಟವಾಯಿತು. ನಾನು ಹೇಳಬೇಕಾದದ್ದು ಇಷ್ಟೇ: ಎದುರು ಪಕ್ಷದ ಮುದುಕನ ಮುಂದೆ ಕುಳಿತು ಕೇಳದವನಿಗೆ ಇತಿಹಾಸದ ಮಾತಾಡುವ ಹಕ್ಕಿಲ್ಲ. ಪ್ರತಿಭೆಯಾಗಲಿ, ದೇಶಾಭಿಮಾನವಾಗಲಿ, ಧರ್ಮಾಭಿಮಾನವಾಗಲಿ ಆ ಕೊರತೆಯನ್ನು ತುಂಬಲಾರವು.

ಸ್ಕಾಟನನ್ನು ದೂರುವುದು ಸುಲಭ. ಅವನಿಗೆ ಸಮುದ್ರ ಅಡ್ಡವಿತ್ತು. ನಮಗೇನು ಅಡ್ಡವಿದೆ? ಹಾರೋಹಳ್ಳಿ, ರಾಮನಗರ, ಮಾಗಡಿಗಳಲ್ಲಿ ಹುಟ್ಟಿ ಬೆಳೆದ ನಾವೂ 'ಸರ್ಜನ್ಸ್ ಡಾಟರ್' ಬರೆಯುವವರೇ ಆಗಿದ್ದೇವೆ. 2015ರಲ್ಲಿ ಒಂದು ಸರ್ಕಾರ ಟಿಪ್ಪು ಜಯಂತಿಯನ್ನು ಆರಂಭಿಸಿತು. 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಆರಂಭಿಸುವಾಗಲೂ ನಿಲ್ಲಿಸುವಾಗಲೂ ಗದ್ದಲವೇ ಹೊರತು ಯಾವ ಊರಿನ ಹುಡುಗನ ಕೈಗೂ ಒಂದು ಒಳ್ಳೆಯ ಪುಸ್ತಕ ಬರಲಿಲ್ಲ. 2023ರಲ್ಲಿ ಟಿಪ್ಪುವನ್ನು ಕೊಂದವರೆಂದು ಉರಿಗೌಡ, ನಂಜೇಗೌಡ ಎಂಬ ಎರಡು ಹೆಸರುಗಳು ಮಂಡ್ಯದ ಸ್ವಾಗತ ಕಮಾನನ್ನೇ ಏರಿದವು. ಸಿನಿಮಾ ಮಾಡುತ್ತೇವೆಂಬ ಘೋಷಣೆಯೂ ಹೊರಟಿತು. ಆದಿಚುಂಚನಗಿರಿ ಮಠದ ಸ್ವಾಮೀಜಿಯವರು ಆಧಾರ ಎಲ್ಲಿ ಎಂಬ ಪ್ರಶ್ನೆಯನ್ನು ಎತ್ತಿದ ಮೇಲೆ ಸಿನಿಮಾದ ಯೋಚನೆ ನಿಂತಿತು. ಕಾದಂಬರಿಯೆಂದು ಹೇಳಿ ಬರೆದಿದ್ದರೆ ನಾನು ತಕರಾರು ತೆಗೆಯುತ್ತಿರಲಿಲ್ಲ. 1990ರಲ್ಲಿ ದೂರದರ್ಶನದಲ್ಲಿ ಬಂದ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯು ಟಿಪ್ಪುವಿನ ದೋಷಗಳನ್ನೆಲ್ಲ ತೊಳೆದು ಹೊಳಪು ಕೊಟ್ಟ ಕಥೆಯೇ. ಆದರೆ ಇದು ಕಾದಂಬರಿಯನ್ನು ಆಧರಿಸಿದ್ದೆಂಬ ಹೇಳಿಕೆಯನ್ನಾದರೂ ತೋರಿಸಬೇಕಾಯಿತು.

ಈ ಎರಡು ಪಕ್ಷಗಳವರೂ ಒಬ್ಬರ ಮನೆಯ ಮುದುಕರನ್ನು ಒಬ್ಬರು ಕೇಳಿಲ್ಲ. 1791ರಲ್ಲಿ ಮರಾಠ ಸೈನ್ಯದವರು ಶೃಂಗೇರಿ ಮಠವನ್ನು ಸೂರೆಮಾಡಿದಾಗ, ಸ್ವಾಮಿಗಳಿಗೆ ವಿನಯದಿಂದ ಪತ್ರ ಬರೆದು ಪುನಃಪ್ರತಿಷ್ಠೆಗೆ ನೆರವು ಕೊಟ್ಟವನು ಟಿಪ್ಪು. ಆ ಪತ್ರಗಳು ಮಠದಲ್ಲೇ ದೊರೆತವು. ಕೊಡಗಿನ ಜನರನ್ನು ಸಂಸಾರ ಸಮೇತ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದವನೂ ಅದೇ ಟಿಪ್ಪು. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ಹಿರಿಯರ ಸಾವಿನ ನೆನಪಿಗಾಗಿ ನರಕ ಚತುರ್ದಶಿಯನ್ನು ಇಂದಿಗೂ ಆಚರಿಸದಿರುವುದು ಯಾರೋ ಮೊನ್ನೆ ಹುಟ್ಟಿಸಿದ ಸುದ್ದಿಯಲ್ಲ. ಮೊದಲನೆಯ ಸಂದೇಶದಲ್ಲಿ ಕೊಡಗಿಲ್ಲ, ಎರಡನೆಯದರಲ್ಲಿ ಶೃಂಗೇರಿಯಿಲ್ಲ. ಎರಡೂ ಅರ್ಧ ಹರಿದ ಪುಸ್ತಕಗಳು.

ಈಗ ಸಾವನದುರ್ಗಕ್ಕೆ ಬರೋಣ. ನಿಮ್ಮಲ್ಲಿ ಅನೇಕರು ಅಲ್ಲಿ ಭಾನುವಾರದ ಫೋಟೋ ತೆಗೆಸಿಕೊಂಡವರು. ಬೆಟ್ಟದ ಕಥೆಯನ್ನು ಹತ್ತಿದವರು ಎಷ್ಟು ಮಂದಿ? ಆ ಬೆಟ್ಟ ಮಾಗಡಿಯ ಕೆಂಪೇಗೌಡರ ವಂಶದ್ದು. 1728ರಲ್ಲಿ ಮೈಸೂರಿನ ದಳವಾಯಿಯ ಸೈನ್ಯ ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿಯಿತು. ಆ ವಂಶದ ಕೊನೆಯ ಪ್ರಭು ಶ್ರೀರಂಗಪಟ್ಟಣದ ಸೆರೆಯಲ್ಲಿ ಕಣ್ಣು ಮುಚ್ಚಿದ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ತೋಪುಗಳನ್ನು ಕಾಡಿನೊಳಗೆ ಎಳೆದು ತಂದು, ಯಾರೂ ಗೆಲ್ಲಲಾರರು ಎನಿಸಿಕೊಂಡಿದ್ದ ಆ ಬಂಡೆಯ ಕೋಟೆಯನ್ನು 21ನೆಯ ತಾರೀಖು ಹಿಡಿಯಿತು. ಟಿಪ್ಪುವಿನ ಕಿಲ್ಲೇದಾರನೂ ಅವನ ಜನರೂ ಅಲ್ಲಿ ಮಡಿದರು. ಅದೇ ತಿಂಗಳು ರಾಮಗಿರಿಯೂ ಹೋಯಿತು. ಹಾಗಾದರೆ ಆ ಬೆಟ್ಟದಲ್ಲಿ 'ನಮ್ಮವರು' ಯಾರು? 1728ರಲ್ಲಿ ಸೋತವರೇ, ಗೆದ್ದವರೇ? 1791ರಲ್ಲಿ ಕೋಟೆಯ ಮೇಲಿದ್ದವರ ಪೈಕಿ ಯಾರ ಮೊಮ್ಮಕ್ಕಳು ಇಂದು ಯಾವ ಸಂದೇಶ ಕಳುಹಿಸುತ್ತಿದ್ದಾರೆ? ಬೆಟ್ಟಕ್ಕೆ ಪಕ್ಷವಿಲ್ಲ. ಅಲ್ಲಿ ಸೋಲು ಪದರ ಪದರವಾಗಿ ಕುಳಿತಿದೆ.

ಕಾರ್ನ್‌ವಾಲಿಸನ ಸೈನ್ಯದಲ್ಲಿದ್ದವರು ಯಾರು ಬಲ್ಲಿರಾ? 71, 72, 74ನೆಯ ಹೈಲ್ಯಾಂಡರ್ ದಳಗಳು. ಅಂದರೆ ಕಲೋಡನ್ನಿನಲ್ಲಿ ಸೋತ ಅದೇ ಗುಡ್ಡಗಾಡಿನ ಮುಂದಿನ ತಲೆಮಾರಿನವರು. ಶಾಲಾ ಪ್ರವಾಸದಲ್ಲಿ ನಾವು ಶ್ರೀರಂಗಪಟ್ಟಣದಲ್ಲಿ ಕಂಡ ಕರ್ನಲ್ ಬೈಲಿಯ ಸೆರೆಮನೆ ನೆನಪಿದೆಯೇ? ಆ ಬೈಲಿಯೂ ಸ್ಕಾಟ್ಲೆಂಡಿನವನೇ. 1780ರಲ್ಲಿ ಪೊಲ್ಲಿಲೂರಿನಲ್ಲಿ ಸೆರೆಸಿಕ್ಕು 1782ರಲ್ಲಿ ಇಲ್ಲಿಯೇ ಸತ್ತ. ಅವನೊಡನೆ ಸೆರೆಸಿಕ್ಕಿದ್ದ ಡೇವಿಡ್ ಬೇರ್ಡ್ 1799ರ ಮೇ 4ರಂದು ಶ್ರೀರಂಗಪಟ್ಟಣದ ಮೇಲಿನ ದಾಳಿಯ ಮುಂದಾಳಾದ. ತಮ್ಮ ಬೆಟ್ಟ ಕಳೆದುಕೊಂಡವರ ಮಕ್ಕಳು ಬಂದು ನಮ್ಮ ಬೆಟ್ಟ ಹತ್ತಿದರು. ಅಲನ್ ಬ್ರೆಕ್ಕನಂಥವನ ಮಗನೊಬ್ಬನೂ ಮಾಗಡಿಯ ರೈತನ ಮಗನೊಬ್ಬನೂ ಸಾವನದುರ್ಗದ ಕಾಡಿನಲ್ಲಿ ಎದುರುಬದುರಾದ ಕಥೆಯನ್ನು ಯಾರಾದರೂ ಬರೆಯಬಾರದೇ? ಇಷ್ಟು ದೊಡ್ಡ ವಸ್ತುವನ್ನು ಮನೆಯಂಗಳದಲ್ಲಿ ಇಟ್ಟುಕೊಂಡು ನಾವು ಮೂರು ಸಾಲಿನ ಬೈಗುಳವನ್ನು ಹಂಚುತ್ತಿದ್ದೇವೆ.

ಕನ್ನಡದಲ್ಲಿ ಆಗದ ಕೆಲಸವೇನಲ್ಲ ಇದು. ಮಾಸ್ತಿಯವರ 'ಚಿಕವೀರ ರಾಜೇಂದ್ರ'ವನ್ನು ಓದಿರಿ. 1834ರಲ್ಲಿ ಇಂಗ್ಲಿಷರಿಗೆ ರಾಜ್ಯ ಕಳೆದುಕೊಂಡ ಕೊಡಗಿನ ಅರಸನ ಕ್ರೌರ್ಯವನ್ನು ಮಾಸ್ತಿ ಮುಚ್ಚಿಡುವುದಿಲ್ಲ. ಅವನ ಮೇಲಿನ ಮರುಕವನ್ನೂ ಬಿಡುವುದಿಲ್ಲ. ಓದಿ ಮುಗಿಸಿದವನಿಗೆ ಯಾರಿಗೂ ಜೈಕಾರ ಹಾಕಬೇಕೆನಿಸುವುದಿಲ್ಲ, ಮೌನವಾಗಿ ಕೂರಬೇಕೆನಿಸುತ್ತದೆ. ಇತಿಹಾಸದ ಕಥೆ ಮಾಡಬೇಕಾದ ಕೆಲಸ ಅದೇ.

"ಮೇಷ್ಟ್ರೇ, ಇಬ್ಬರನ್ನೂ ಸಮಾಧಾನ ಪಡಿಸುವ ನಿಮ್ಮ ಮಾತು ಹೇಡಿತನ, ನ್ಯಾಯ ಅನ್ಯಾಯ ಎರಡೂ ಒಂದೆಯೇ?" ಎಂದು ನೀವು ಕೇಳುವಿರಿ. ಕೇಳಬೇಕು. ನನ್ನ ಉತ್ತರ: ಅಲ್ಲ. 'ಕಿಡ್‌ನ್ಯಾಪ್ಡ್' ಕಾದಂಬರಿಯ ಕೊನೆಯಲ್ಲಿ ಇಬ್ಬರು ಗೆಳೆಯರೂ ಎಡಿನ್‌ಬರೋ ನಗರ ಕಾಣುವ ಗುಡ್ಡದ ಮೇಲೆ ಬೀಳ್ಕೊಳ್ಳುತ್ತಾರೆ. ಅಷ್ಟು ಹೊತ್ತಿಗೂ ಡೇವಿಡ್ ತನ್ನ ಪಕ್ಷದಲ್ಲೇ ಇದ್ದಾನೆ, ಅಲನ್ ತನ್ನ ಪಕ್ಷದಲ್ಲೇ ಇದ್ದಾನೆ. ಯಾರೂ ಯಾರನ್ನೂ ಬದಲಾಯಿಸಲಿಲ್ಲ. ಆದರೆ ಒಬ್ಬರ ಮುಖವನ್ನು ಒಬ್ಬರು ನೋಡಲಾರದೆ, ಅಳು ತಡೆದುಕೊಂಡು ಹೋಗುತ್ತಾರೆ. ಅಭಿಪ್ರಾಯ ಬಿಡಿರೆಂದು ನಾನು ಹೇಳುತ್ತಿಲ್ಲ. ಕೊಡಗಿನ ನೋವನ್ನು ಅನ್ಯಾಯವೆಂದೇ ಹೇಳಿರಿ. ಕಂಪನಿ ಸರ್ಕಾರದ ಎದುರು ಹೋರಾಡಿ ಸತ್ತದ್ದನ್ನು ಶೌರ್ಯವೆಂದೇ ಹೇಳಿರಿ. ಎರಡನ್ನೂ ಒಂದೇ ಬಾಯಲ್ಲಿ ಹೇಳುವುದಕ್ಕೆ ಹೇಡಿತನ ಸಾಲದು, ಎದೆಗಾರಿಕೆ ಬೇಕು.

ಕೊನೆಯ ಮಾತು ನಮ್ಮ ಊರಿನದು. ಹಾರೋಹಳ್ಳಿಯ ಸುತ್ತ ಕೈಗಾರಿಕೆಗೆ ಹೋದ ಹೊಲಗಳಿಗೆ ಒಂದು ಕಾಲಕ್ಕೆ ಹೆಸರುಗಳಿದ್ದವು. ಈಗ ಪ್ಲಾಟ್ ನಂಬರುಗಳಿವೆ. ಉದ್ಯೋಗ ಬಂತು, ನಿಮ್ಮ ಮನೆಗಳಲ್ಲಿ ಒಲೆ ಉರಿಯಿತು. ಅದರ ಬಗ್ಗೆ ನನಗೆ ಅಸಮಾಧಾನವಿಲ್ಲ. ಆದರೆ ಆ ಹೊಲದ ಹೆಸರನ್ನು, ಆ ಕೆರೆಯ ತೂಬಿನ ಕಥೆಯನ್ನು ಬಲ್ಲ ಅಜ್ಜ ಅಜ್ಜಿಯರು ಇನ್ನೆಷ್ಟು ದಿನ ಇರುತ್ತಾರೆ? ಅವರನ್ನು ಕೇಳುವುದು ಬಿಟ್ಟು, ಎಲ್ಲಿಯೋ ಕುಳಿತು ಯಾರೋ ಕುಟ್ಟಿದ ಕಥೆಯನ್ನು ನಮ್ಮ ಇತಿಹಾಸವೆಂದು ಹಂಚುತ್ತಿದ್ದೇವೆ. ನಮ್ಮ ಕಥೆಯನ್ನು ನಾವು ಹೇಳದಿದ್ದರೆ, ನಮ್ಮ ಊರನ್ನು ಕಾಣದವನು ಬಂದು ಆನೆ, ಬೇಗಂ, ಅಂತಃಪುರ ಹಾಕಿ ಹೇಳುತ್ತಾನೆ.

ಒಂದೇ ಬೆಂಚಿನ ನನ್ನ ಇಬ್ಬರು ಹುಡುಗರಿಗೆ ಈ ಮೇಷ್ಟ್ರು ಕೊಡುವ ಮನೆಗೆಲಸ ಇದು. ವಾರದ ರಜೆಯ ದಿನ ಒಂದೇ ಬೈಕಿನಲ್ಲಿ ಮಾಗಡಿಗೆ ಹೋಗಿರಿ. ಸಾವನದುರ್ಗವನ್ನು ಹತ್ತಿರಿ. ಇಳಿದು ಬರುವಾಗ ಒಬ್ಬನ ಮನೆಯಲ್ಲಿ ಊಟ, ಇನ್ನೊಬ್ಬನ ಮನೆಯಲ್ಲಿ ಕಾಫಿ. ಇಬ್ಬರ ಮನೆಯ ಹಿರಿಯರ ಮುಂದೆಯೂ ಕುಳಿತು, ನಡುವೆ ಬಾಯಿ ಹಾಕದೆ, ಒಂದು ಗಂಟೆ ಕೇಳಿರಿ. ಕೇಳಿದ್ದನ್ನು ಬರೆದು ನನಗೆ ಕಳುಹಿಸಿರಿ. ಕಾಗುಣಿತ ತಪ್ಪಿದರೆ ಕೆಂಪು ಶಾಯಿಯಲ್ಲಿ ತಿದ್ದುವ ಅಭ್ಯಾಸ ನನಗಿನ್ನೂ ಹೋಗಿಲ್ಲ.

ಅಲ್ಲಿಯವರೆಗೆ, ದಯಮಾಡಿ, ಆ ಸಂದೇಶಗಳನ್ನು ನನಗೆ ಕಳುಹಿಸಬೇಡಿರಿ.

ನಿಮ್ಮ ಶ್ರೇಯಸ್ಸನ್ನು ಬಯಸುವ,
ನಿಮ್ಮ ಹಳೆಯ ಮೇಷ್ಟ್ರು